ಮನೆಯಲ್ಲಿ ಆಡಬೇಕಾದ ಮಾತು

(ಶಾಲಾ ಶತಮಾನೋತ್ಸವದ ಅಂಗವಾಗಿ ಪಾಲಕೋಡಿನಲ್ಲಿ ನಡೆದ ಪೋಷಕರು ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷದ ಸಂಭ್ರಮದಲ್ಲಿ ಸಾವಿನ ಮಾತೆತ್ತುವುದು ಅಶುಭವೆಂದು ಕೆಲವರಿಗೆ ತೋರಬಹುದು. ಆದರೆ ಈ ಶಾಲೆ ನಿಂತಿರುವುದೇ ಹಿರಿಯರ ದಾನದ ಮೇಲೆ. ಕೊಟ್ಟವರಲ್ಲಿ ಅನೇಕರು ಇಂದು ನಮ್ಮೊಂದಿಗಿಲ್ಲ. ಅವರು ಕೊಟ್ಟದ್ದು ಉಳಿದಿದೆ. ಆದ್ದರಿಂದ ಅಂಗಾಂಗ ದಾನದ ವಿಚಾರವನ್ನು ಇಲ್ಲಿ ಪ್ರಸ್ತಾಪಿಸಲು ನನಗೆ ಸಂಕೋಚವಿಲ್ಲ.

ಕಣ್ಣು ಕೊಟ್ಟ ಕಣ್ಣಪ್ಪನ ಕಥೆ ನಮ್ಮ ಎರಡು ಭಾಷೆಗಳಿಗೂ ಸೇರಿದ್ದು. ತಮಿಳರಿಗೆ ಆತ ಅರವತ್ತಮೂವರು ನಾಯನ್ಮಾರರಲ್ಲಿ ಒಬ್ಬ; ಕನ್ನಡದಲ್ಲಿ ಹರಿಹರನ ರಗಳೆಯ ನಾಯಕ. 1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದ ನಾಯಕನಾಗಿ ನಟಿಸಿದ ಡಾ. ರಾಜ್‌ಕುಮಾರ್ ಅವರೂ ನಮ್ಮಂತೆ ತಮಿಳುನಾಡಿನ ಗಡಿಯ ಕನ್ನಡಿಗರು, ಗಾಜನೂರಿನವರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ಅಗಲಿದಾಗ ಅವರ ಎರಡು ಕಣ್ಣುಗಳಿಂದ ನಾಲ್ವರು ದೃಷ್ಟಿ ಪಡೆದರು.

ಇದು ನಮಗೆಲ್ಲ ಗೊತ್ತಿರುವ ಸಂಗತಿಯೇ. ಒಮ್ಮೆ ಪೋಷಕರ ಸಭೆಯಲ್ಲಿ “ಅಂಗಾಂಗ ದಾನ ಒಳ್ಳೆಯದೆಂದು ನಂಬುವವರು ಯಾರು?” ಎಂದು ಕೇಳಿದೆ. ಸಭೆಯ ಬಹುಪಾಲು ಕೈಗಳು ಮೇಲೆದ್ದವು. “ಈ ಮಾತನ್ನು ಮನೆಯವರಿಗೆ ಹೇಳಿರುವವರು?” ಎಂದೆ. ಕೈಗಳು ಒಂದೊಂದಾಗಿ ಇಳಿದವು. ಆಗ ನಾನೂ ತಲೆ ತಗ್ಗಿಸಿದೆ. ಕಾರಣವನ್ನು ಇಂದು ಹೇಳುತ್ತೇನೆ.

ನನ್ನ ತಾಯಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ದೃಷ್ಟಿ ಮರಳಿದ ಸಂತೋಷದಲ್ಲಿ ಅವರು, “ನಾನು ಹೋದ ಮೇಲೆ ಈ ಕಣ್ಣನ್ನು ಮಣ್ಣಿಗೆ ಹಾಕಬೇಡಿ, ಯಾರಿಗಾದರೂ ಕೊಡಿ” ಎಂದರು. “ಆಪರೇಷನ್ ಆದ ಕಣ್ಣು ಯಾರಿಗೆ ಬೇಕಮ್ಮಾ” ಎಂದು ಯಾರೋ ನಕ್ಕರು. ನಾನೂ ನಕ್ಕೆ. ಪೊರೆ ತೆಗೆದ ಕಣ್ಣನ್ನೂ, ಕನ್ನಡಕ ಹಾಕಿದವರ, ಮಧುಮೇಹ ಇರುವವರ ಕಣ್ಣನ್ನೂ ದಾನ ಮಾಡಬಹುದೆಂಬುದು ಎಂ.ಎ., ಬಿ.ಎಡ್. ಓದಿದ ನನಗೆ ತಿಳಿದಿರಲಿಲ್ಲ. ಅಮ್ಮ ಒಂದು ಬೆಳಗಿನ ಜಾವ ಮನೆಯಲ್ಲಿಯೇ ಹೋದರು. ನೆಂಟರು ಬರಲೆಂದು ಸಂಜೆಯವರೆಗೆ ಕಾದೆವು. ಕಣ್ಣನ್ನು ಪಡೆಯಬೇಕಾದ ಆರು ಗಂಟೆಗಳು ಆ ಕಾಯುವಿಕೆಯಲ್ಲೇ ಕಳೆದವು. ಅವರ ಮಾತು ನನಗೆ ನೆನಪಾದದ್ದು ಚಿತೆಯ ಮುಂದೆ. ಇಬ್ಬರಿಗೆ ಬೆಳಕಾಗಬಹುದಾಗಿದ್ದ ಕಣ್ಣುಗಳು ನನ್ನ ಅಜ್ಞಾನದಿಂದಲೂ ಮೌನದಿಂದಲೂ ಬೂದಿಯಾದವು.

ಆದ್ದರಿಂದ ಎರಡು ವಿಷಯಗಳನ್ನು ಸ್ಪಷ್ಟವಾಗಿ ತಿಳಿಯೋಣ. ಮನೆಯಲ್ಲಿ ಸಹಜವಾಗಿ ಸತ್ತವರ ಕಣ್ಣುಗಳನ್ನು ದಾನ ಮಾಡಬಹುದು, ಮುಖ ವಿರೂಪವಾಗುವುದಿಲ್ಲ. ಆದರೆ ಹೃದಯ, ಶ್ವಾಸಕೋಶ, ಯಕೃತ್ತುಗಳ ದಾನ ಸಾಮಾನ್ಯವಾಗಿ ಸಾಧ್ಯವಾಗುವುದು ಆಸ್ಪತ್ರೆಯಲ್ಲಿ ಮಿದುಳು ಸಾವು ಸಂಭವಿಸಿದಾಗ ಮಾತ್ರ. ಆಗ ಯಂತ್ರದ ನೆರವಿನಿಂದ ಎದೆ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಮಿದುಳು ಮರಳಿ ಬಾರದಂತೆ ಸತ್ತಿರುತ್ತದೆ. ಅದು ಕೋಮಾ ಅಲ್ಲ. ಬೆಂಗಳೂರು–ಸೇಲಂ ಹೆದ್ದಾರಿಯ, ತೊಪ್ಪೂರು ಘಾಟಿಯ ಅಪಘಾತಗಳನ್ನು ಕಂಡಿರುವ ನಮಗೆ ಇಂಥ ಸಾವು ದೂರದ್ದಲ್ಲ.

“ಅಂಗದಾಸೆಗೆ ವೈದ್ಯರು ರೋಗಿಯನ್ನು ಬೇಗ ಕೈಬಿಟ್ಟರೆ?” ಎಂಬ ಭಯ ಸಹಜವಾದದ್ದು. 1994ರ ಕಾಯಿದೆ ಇದಕ್ಕೆ ಉತ್ತರ ಕೊಟ್ಟಿದೆ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಸಾವನ್ನು ದೃಢಪಡಿಸಬೇಕು. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿ ಇರುವಂತಿಲ್ಲ. “ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತೇವೆ” ಎನ್ನುವ ಅಜ್ಜಿಯರಿಗೆ ನಾನು ಕೇಳುವುದಿಷ್ಟೇ: ಶಿವನಿಗೆ ಕಣ್ಣು ಕೊಟ್ಟ ಕಣ್ಣಪ್ಪ ಕುರುಡನಾಗಿ ಉಳಿದನೇ?

2008ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ತಿರುಕ್ಕಳುಕುಂಡ್ರಂನ ವೈದ್ಯ ದಂಪತಿಯ ಮಗ, ಹದಿನೈದರ ಹಿತೇಂದ್ರನ್, ಬೈಕ್ ಅಪಘಾತದಲ್ಲಿ ಮಿದುಳು ಸಾವಿಗೀಡಾದ. ಆ ತಂದೆತಾಯಿ ಎದೆಯ ಬೇಗೆಯ ನಡುವೆಯೂ ಒಪ್ಪಿಗೆ ನೀಡಿದರು. ಚೆನ್ನೈನ ರಸ್ತೆಗಳಲ್ಲಿ ಪೊಲೀಸರು ದಾರಿ ತೆರವುಗೊಳಿಸಿದರು. ಹುಡುಗನ ಹೃದಯ ಬೆಂಗಳೂರಿನ ಒಂಬತ್ತು ವರ್ಷದ ಬಾಲಕಿಯ ಎದೆಯಲ್ಲಿ ಬಡಿಯತೊಡಗಿತು. ತಮಿಳುನಾಡಿನ ಹೃದಯ ಕರ್ನಾಟಕದ ಮಗುವಿಗೆ! ಆ ಬಳಿಕ ಈ ರಾಜ್ಯದಲ್ಲಿ ಅನೇಕ ಕುಟುಂಬಗಳು ದಾನಕ್ಕೆ ಮುಂದೆ ಬಂದವು. ಅಂಗಾಂಗ ದಾನಿಗಳ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನಡೆಸುವುದಾಗಿ 2023ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ ಘೋಷಿಸಿತು.

ಹದಿನೆಂಟು ತುಂಬಿದ ಯಾರೇ ಆದರೂ ಪ್ರತಿಜ್ಞೆ ನೋಂದಾಯಿಸಬಹುದು. ಆದರೆ ನೋಂದಣಿಯಿದ್ದರೂ ಮನೆಯವರು ಒಪ್ಪದೆ ವೈದ್ಯರು ಮುಂದುವರಿಯುವುದಿಲ್ಲ. ಆ ಹೊತ್ತಿನಲ್ಲಿ ನಿರ್ಧರಿಸುವವರು ಅಳುತ್ತಿರುವ ಹೆಂಡತಿ, ದಿಕ್ಕುತೋಚದ ಮಗ. ನಿಮ್ಮ ಇಚ್ಛೆ ಅವರಿಗೆ ಮೊದಲೇ ತಿಳಿದಿದ್ದರೆ ಅವರ ಹೊರೆ ಹಗುರಾಗುತ್ತದೆ. ತಿಳಿಯದಿದ್ದರೆ “ಬೇಡ” ಎಂಬುದೇ ಸುಲಭದ ಉತ್ತರ.

ಪೋಷಕ ಬಂಧುಗಳೇ, ನಾನು ನಿಮ್ಮಿಂದ ಇಂದು ಸಹಿ ಕೇಳುತ್ತಿಲ್ಲ. ಒಪ್ಪುವುದೂ ಒಪ್ಪದಿರುವುದೂ ನಿಮ್ಮ ಹಕ್ಕು. ರಾತ್ರಿ ಊಟಕ್ಕೆ ಕುಳಿತಾಗ ಈ ಮಾತನ್ನು ಒಮ್ಮೆ ಆಡಿ, ಮನೆಯ ಹಿರಿಯರ ಇಚ್ಛೆಯನ್ನು ಕೇಳಿ, ನಿಮ್ಮದನ್ನೂ ಹೇಳಿ; ಅಷ್ಟೇ ನನ್ನ ಬೇಡಿಕೆ. ನನ್ನ ಮಕ್ಕಳಿಗೆ ನಾನು ಹೇಳಿದ್ದೇನೆ. ಅಮ್ಮನಿಗೆ ಸಲ್ಲಿಸದೆ ಉಳಿದ ಋಣವನ್ನು ತೀರಿಸಲು ನನಗೆ ಉಳಿದಿರುವ ದಾರಿ ಅದೊಂದೇ.