ಮಕ್ಕಳ ಬೇಸಿಗೆ, ಕಾಡಿನ ಕೆಲಸ



ಕೂಟದ ವೇದಿಕೆಗೆ ವೈದ್ಯರನ್ನು ಕರೆದರೆ ಸಕ್ಕರೆ ಕಾಯಿಲೆಯ ಬಗೆಗೋ ಹೃದಯಾಘಾತದ ಬಗೆಗೋ ಮಾತನಾಡುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಮುರಿಯುತ್ತಿರುವುದಕ್ಕೆ ಕ್ಷಮೆ ಕೋರುತ್ತೇವೆ. ಹೈಸ್ಕೂಲಿನಲ್ಲಿ ಓದುವ ಮಕ್ಕಳು ಬೇಸಿಗೆಯ ರಜೆಯಲ್ಲಿ ಕಾಡಿಗೆ ಹೋಗಿ, ಕಾಲುದಾರಿ ಸರಿಪಡಿಸಿ, ಕಳೆ ಕಿತ್ತು, ಅದಕ್ಕೆ ಸಂಬಳ ಪಡೆಯುವ ವ್ಯವಸ್ಥೆಯೊಂದು ಈ ದೇಶದಲ್ಲಿದೆ. ಅದರ ವಿಷಯವನ್ನು ಹೇಳಬೇಕೆಂದಿದ್ದೇವೆ. ಹೇಳುವ ಅರ್ಹತೆ ನಮಗೆ ಬಂದದ್ದು ನಾವೇ ಮಾಡಿದ ಒಂದು ತಪ್ಪಿನಿಂದ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

2016ರಲ್ಲಿ ನಮ್ಮ ಮಗನಿಗೆ ಹದಿನಾರು ವರ್ಷ. ಪೆನ್ಸಿಲ್ವೇನಿಯ ರಾಜ್ಯ ಸರ್ಕಾರವು ‘ಔಟ್‌ಡೋರ್ ಕೋರ್’ ಎಂಬ ಯೋಜನೆಯನ್ನು ಆರಂಭಿಸಿದ್ದು ಅದೇ ವರ್ಷ. ಹದಿನೈದರಿಂದ ಹದಿನೆಂಟು ವಯಸ್ಸಿನವರಿಗೆ ರಾಜ್ಯದ ಉದ್ಯಾನಗಳಲ್ಲಿ ಮತ್ತು ಅರಣ್ಯಗಳಲ್ಲಿ ಆರು ವಾರಗಳ ಕೆಲಸ, ಕೈಗೆ ಸಂಬಳ. ಮಗ ಅದರ ಕಾಗದವನ್ನು ಹಿಡಿದು ಮನೆಗೆ ಬಂದ. ನಾವು ಒಪ್ಪಲಿಲ್ಲ. ಅದಕ್ಕೆ ಎರಡು ಕಾರಣಗಳಿದ್ದವು. ಒಂದನ್ನು ಅವನಿಗೆ ಹೇಳಿದೆವು, ಇನ್ನೊಂದನ್ನು ಹೇಳಲಿಲ್ಲ.

ಹೇಳಿದ ಕಾರಣ ಉಣುಗು, ಇಲ್ಲಿನ ಭಾಷೆಯಲ್ಲಿ ಟಿಕ್. ನಮ್ಮ ಊರು ಶಿವಮೊಗ್ಗ ಜಿಲ್ಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಹಿಂದೆಯೇ ಮನುಷ್ಯರಿಗೂ ಜ್ವರ ಬಂದು, ಆ ಕಾಡಿನ ಹೆಸರೇ ಒಂದು ರೋಗದ ಹೆಸರಾಗಿ ವೈದ್ಯಗ್ರಂಥಗಳನ್ನು ಸೇರಿತು. ಬೇಸಿಗೆಯಲ್ಲಿ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋದವರು ಮಂಗನ ಕಾಯಿಲೆ ಹತ್ತಿಸಿಕೊಂಡು ಬರುತ್ತಿದ್ದುದನ್ನು ಕೇಳುತ್ತ ಬೆಳೆದವರು ನಾವು. ಪೆನ್ಸಿಲ್ವೇನಿಯದಲ್ಲಿಯೂ ಉಣುಗಿನಿಂದ ಬರುವ ಲೈಮ್ ರೋಗ ವಿಪರೀತ. ಎರಡು ದೇಶಗಳ ಭಯ ಒಂದಾದಾಗ ವೈದ್ಯಕೀಯ ಪದವಿ ಯಾವ ನೆರವಿಗೂ ಬರಲಿಲ್ಲವೆಂಬುದು ಸತ್ಯ.

ಹೇಳದೇ ಉಳಿದ ಕಾರಣ ಗುದ್ದಲಿ. ನಮ್ಮ ತಂದೆ ಎರಡು ಎಕರೆ ಅಡಿಕೆ ತೋಟದಲ್ಲಿ ಜೀವ ಸವೆಸಿದವರು. ಗುದ್ದಲಿಗೆ ನಾವು ಕೈ ಹಾಕಿದರೆ ಗದರಿ ಪುಸ್ತಕದ ಮುಂದೆ ಕೂರಿಸುತ್ತಿದ್ದರು. ಹಾಗೆ ಕೂತದ್ದರಿಂದಲೇ ಎಂಬಿಬಿಎಸ್ ಆಯಿತು, ಅಮೆರಿಕದಲ್ಲಿ ರೆಸಿಡೆನ್ಸಿ ಆಯಿತು. ಇಷ್ಟು ದೂರ ಬಂದು ಮಗ ಮಣ್ಣು ಅಗೆದು ಕೂಲಿ ತರುವುದೇ ಎಂಬ ಪ್ರಶ್ನೆ ಗಂಟಲಲ್ಲಿತ್ತು. ಆಡಲು ನಾಚಿಕೆಯಾಯಿತು, ಬಿಡಲು ಮನಸ್ಸಾಗಲಿಲ್ಲ.

ಆ ಬೇಸಿಗೆ ಅವನನ್ನು ಒಂದು ಆಸ್ಪತ್ರೆಯ ಸ್ವಯಂಸೇವೆಗೆ ಸೇರಿಸಿದೆವು. ಬೆಳಗಿನ ಹೊತ್ತು ಬಟ್ಟೆ ಮಡಿಸುವುದು, ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸುವುದು, ಗಂಟೆಗಳ ಲೆಕ್ಕಕ್ಕೆ ರುಜು ಪಡೆಯುವುದು. ಮಧ್ಯಾಹ್ನ ಎಸ್‌ಎಟಿ ತರಗತಿ. ಈ ಸಭೆಯಲ್ಲಿ ಅನೇಕರಿಗೆ ಈ ದಿನಚರಿ ಹೊಸದಲ್ಲವೆಂದು ಕಾಣುತ್ತದೆ. ಕೆಲವು ವರ್ಷಗಳ ನಂತರ ಊಟದ ಮೇಜಿನಲ್ಲಿ ಅವನು, ಕೋಪವಿಲ್ಲದೆಯೇ, “ಆ ಬೇಸಿಗೆ ಏನು ಮಾಡಿದೆನೆಂದು ನನಗೆ ನೆನಪೇ ಇಲ್ಲ” ಎಂದ.

ಈ ಕೆಲಸಗಳ ಹಿನ್ನೆಲೆಯನ್ನು ನಾವು ಆಮೇಲೆ ತಿಳಿದುಕೊಂಡೆವು. 1933ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಅಧ್ಯಕ್ಷ ರೂಸ್‌ವೆಲ್ಟ್ ನಿರುದ್ಯೋಗಿ ಯುವಕರಿಗಾಗಿ ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’ ಸ್ಥಾಪಿಸಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು ಮೂವತ್ತು ಲಕ್ಷ ಯುವಕರು ಅದರಲ್ಲಿ ದುಡಿದಿದ್ದರು. ನಮ್ಮ ರಾಜ್ಯದ ಉದ್ಯಾನಗಳಲ್ಲಿ ನಾವು ಪಿಕ್‌ನಿಕ್‌ಗೆ ಹೋದಾಗ ಪುಳಿಯೋಗರೆ ಬಿಚ್ಚುವ ಹಳೆಯ ಮರದ ಕುಟೀರಗಳಲ್ಲಿ ಎಷ್ಟೋ ಅವರು ಕಟ್ಟಿದಂಥವು. ಆಮೇಲೆ ವಾಸರ್ ಕಾಲೇಜಿನ ವಿದ್ಯಾರ್ಥಿನಿ ಎಲಿಜಬೆತ್ ಕುಶ್‌ಮನ್ 1955ರ ತಮ್ಮ ಪ್ರಬಂಧದಲ್ಲಿ ಇಂಥ ಕೆಲಸವನ್ನು ವಿದ್ಯಾರ್ಥಿಗಳಿಂದ ಮಾಡಿಸಬಹುದೆಂದು ಸೂಚಿಸಿದರು. 1957ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನಗಳಿಗೆ ಮೊದಲ ತಂಡಗಳು ಹೋದವು. ಕ್ಯಾಸನೂರಿನ ವರ್ಷವೂ ಅದೇ! ಅದರಿಂದ ಬೆಳೆದ ‘ಸ್ಟೂಡೆಂಟ್ ಕನ್ಸರ್ವೇಷನ್ ಅಸೋಸಿಯೇಷನ್’ ಸಂಸ್ಥೆಯೇ ಪೆನ್ಸಿಲ್ವೇನಿಯದ ಯೋಜನೆಯನ್ನು ಆರಂಭಿಸುವಾಗ ಸರ್ಕಾರದ ಜೊತೆಗಿತ್ತು.

ಆ ಮೊದಲ ತಂಡಗಳವರು ಸ್ವಯಂಸೇವಕರು. ಸಂಬಳದ ಮಾತು ಹೈಸ್ಕೂಲಿನ ಮಕ್ಕಳ ಮಟ್ಟಕ್ಕೆ ರಾಷ್ಟ್ರಾದ್ಯಂತ ಬಂದದ್ದು 1970ರಲ್ಲಿ, ‘ಯೂತ್ ಕನ್ಸರ್ವೇಷನ್ ಕೋರ್’ ಶಾಸನದಿಂದ. ಸೆನೆಟರ್ ಹೆನ್ರಿ ಜಾಕ್ಸನ್ ಅದರ ಹಿಂದಿದ್ದವರು. ಸಮಾಜದ ಎಲ್ಲ ವರ್ಗಗಳ ಮಕ್ಕಳೂ ಅದರಲ್ಲಿರಬೇಕೆಂಬುದು ಶಾಸನದ ಆಶಯ. ಸಂಬಳವಿಲ್ಲದಿದ್ದರೆ ಅದು ಸಾಧ್ಯವಿಲ್ಲ. ಬೇಸಿಗೆಯಲ್ಲಿ ದುಡಿಯಲೇಬೇಕಾದ ಮಗು ಸೇವೆಗೆ ಹೇಗೆ ಬಂದೀತು? ನಮ್ಮಂಥವರ ಮಕ್ಕಳಷ್ಟೇ ಉಳಿದಾರು.

2022ರಲ್ಲಿ ಮಗಳು ಕೇಳಿದಾಗ ನಾವು ಬೇಡವೆನ್ನಲಿಲ್ಲ. ಶಾಲಾ ಜಿಲ್ಲೆಯಿಂದ ಕೆಲಸದ ಪರವಾನಗಿ ಪಡೆದು, ದಪ್ಪ ಬೂಟು ಕೊಂಡು, ಅವಳು ಪ್ರತಿದಿನ ಬೆಳಗ್ಗೆ ಹೊರಟು ಸಂಜೆ ಮಣ್ಣಾಗಿ ಬರುತ್ತಿದ್ದಳು. ತಂಡದಲ್ಲಿ ಎಂಟು ಮಕ್ಕಳು, ಇಬ್ಬರು ನಾಯಕರು. ಹದಿನೆಂಟರ ಒಳಗಿನವರು ಯಂತ್ರದ ಗರಗಸ ಮುಟ್ಟುವಂತಿಲ್ಲ, ಅದು ಕಾನೂನು. ಕೈಯ ಸಲಕರಣೆಗಳೇ ಎಲ್ಲ. ಅವುಗಳಲ್ಲಿ ಪುಲಾಸ್ಕಿ ಎಂಬುದೊಂದು ಇದೆ. ತಲೆಯ ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ. 1910ರ ಮಹಾ ಕಾಡ್ಗಿಚ್ಚಿನಲ್ಲಿ ತನ್ನ ಜೊತೆಗಾರರನ್ನು ಗಣಿಯ ಸುರಂಗಕ್ಕೆ ಹೊಗಿಸಿ ಉಳಿಸಿದ ಅರಣ್ಯಾಧಿಕಾರಿ ಎಡ್ ಪುಲಾಸ್ಕಿಯ ಹೆಸರು ಅದಕ್ಕೆ.

ಆ ಬೇಸಿಗೆಯಲ್ಲಿ ನಮ್ಮ ತಾಯಿ ಊರಿನಿಂದ ಬಂದು ನಮ್ಮೊಡನಿದ್ದರು. ಮಗಳು ಒಂದು ಚಿತ್ರ ತೋರಿಸಿದಳು: ಇಳಿಜಾರಿನ ಕಾಲುದಾರಿಗೆ ಅಡ್ಡಲಾಗಿ, ನೇರವಾಗಿ ಅಲ್ಲ, ಸ್ವಲ್ಪ ಓರೆಯಾಗಿ ಹೂತ ಮರದ ದಿಮ್ಮಿ. ಮಳೆನೀರು ದಾರಿಯುದ್ದಕ್ಕೆ ಓಡಿ ಮಣ್ಣು ಕೊಚ್ಚದಂತೆ ಪಕ್ಕಕ್ಕೆ ತಿರುಗಿಸುವ ಉಪಾಯ. ಇಂಗ್ಲಿಷ್ ಓದಲು ಬಾರದ ನಮ್ಮ ತಾಯಿ ಕನ್ನಡಕ ಸರಿಮಾಡಿಕೊಂಡು, “ಬಸಿಗಾಲುವೆಗೆ ಓರೆ ಸಾಲದು, ಮೊದಲ ಮಳೆಗೇ ಹೂಳು ತುಂಬುತ್ತದೆ” ಎಂದರು. ಮಗಳು ಮರುದಿನ ಅದನ್ನು ನಾಯಕರಿಗೆ ಹೇಳಿದಳಂತೆ. ಅವರು ಕೋನವನ್ನು ಅಳೆದು ನೋಡಿ ತಿದ್ದಿಸಿದರಂತೆ. ನಮ್ಮ ತಾಯಿಗೂ ಮಗಳಿಗೂ ನಡುವೆ ಅಷ್ಟು ದೀರ್ಘವಾದ ಮಾತುಕತೆ ಅದಕ್ಕೆ ಮುಂಚೆ ನಡೆದುದನ್ನು ನಾವು ಕಂಡಿರಲಿಲ್ಲ. ತೋಟದ ವಿಷಯದಲ್ಲಿ ಮಾತಿಗೆ ಇಲ್ಲದವರಾಗಿ ಮಧ್ಯೆ ಕುಳಿತಿದ್ದವರು ನಾವೇ.

ಅವರ ಇನ್ನೊಂದು ಕೆಲಸ ಜಪಾನೀ ಬಾರ್ಬೆರಿ ಎಂಬ ಮುಳ್ಳುಪೊದೆಯನ್ನು ಬೇರುಸಹಿತ ಕೀಳುವುದು. ನಮ್ಮ ಬಂಡೀಪುರ, ನಾಗರಹೊಳೆಗಳನ್ನು ಅಮೆರಿಕ ಖಂಡದಿಂದ ಬಂದ ಲಂಟಾನ ಆವರಿಸಿರುವಂತೆ, ಏಷ್ಯದಿಂದ ಅಲಂಕಾರಕ್ಕೆಂದು ತಂದ ಈ ಗಿಡ ಇಲ್ಲಿನ ಕಾಡುಗಳನ್ನು ನುಗ್ಗಿದೆ. ಉಣುಗಿಗೆ ತೇವ ಬೇಕು, ಒಣಗಿದರೆ ಸಾಯುತ್ತದೆ. ಈ ಪೊದೆಯ ಅಡಿಯಲ್ಲಿ ತೇವ ಉಳಿಯುತ್ತದೆ; ಲೈಮ್ ರೋಗಾಣುವನ್ನು ಹೊತ್ತ ಇಲಿಗಳಿಗೂ ಅಲ್ಲಿ ಆಶ್ರಯ. ಬಾರ್ಬೆರಿ ಕಿತ್ತ ಕಡೆ ಉಣುಗು ಕಡಿಮೆಯಾಗುತ್ತದೆಂದು ಕನೆಕ್ಟಿಕಟ್‌ನ ವಿಜ್ಞಾನಿಗಳು ತೋರಿಸಿದ್ದಾರೆ. ಯಾವುದಕ್ಕೆ ಹೆದರಿ ಮಗನನ್ನು ತಡೆದಿದ್ದೆವೋ ಅದನ್ನೇ ಕಡಿಮೆ ಮಾಡುವ ಕೆಲಸ ಅದಾಗಿತ್ತು.

ಭಯ ಸುಳ್ಳೆಂದು ಹೇಳುತ್ತಿಲ್ಲ. ಆದರೆ ಮಂಗನ ಕಾಯಿಲೆ ವೈರಸ್ಸಿನದು. ಲೈಮ್ ಬ್ಯಾಕ್ಟೀರಿಯದ್ದು, ಬೇಗ ಗುರುತಿಸಿದರೆ ಮಾತ್ರೆಗೆ ಬಗ್ಗುತ್ತದೆ. ಸಾಮಾನ್ಯವಾಗಿ ಉಣುಗು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ರೋಗ ದಾಟುತ್ತದೆ. ಬಟ್ಟೆಗೆ ಪರ್ಮೆಥ್ರಿನ್, ಕಾಲುಚೀಲದೊಳಗೆ ಪ್ಯಾಂಟು, ಸಂಜೆ ಸ್ನಾನ, ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲಲ್ಲಿ ಹುಡುಕುವುದು: ಇಷ್ಟಾದರೆ ಸಾಕು. ಆ ಆರು ವಾರಗಳಲ್ಲಿ ಮಗಳ ಮೈಮೇಲೆ ಎರಡು ಸಿಕ್ಕವು. ಎರಡನ್ನೂ ಅಂದೇ ಚಿಮಟದಿಂದ ತೆಗೆದೆವು.

ಸಂಬಳದ ಮಾತು. ಮೊದಲ ಚೀಟಿ ಬಂದಾಗ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೆ ಶೇಕಡಾ 7.65 ಕಡಿತವಾದುದನ್ನು ಕಂಡು ಮಗಳು ಸಿಡಿಮಿಡಿಗೊಂಡಳು. ಅದು ಮುದುಕರಾಗಲಿರುವ ನಮ್ಮ ಪಾಲು ಎಂದೆವು. ಆದರೆ ಅವಳು ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಸುಮ್ಮನಾಗಿಸಿತು. ತಂಡದ ಒಬ್ಬ ಹುಡುಗ ತನ್ನ ಹಣವನ್ನು ಮನೆಯ ವಿದ್ಯುತ್ ಬಿಲ್ಲಿಗೆ ಕೊಡುತ್ತಿದ್ದನಂತೆ. ಇಬ್ಬರಿಗೂ ಒಂದೇ ಗುದ್ದಲಿ, ಒಂದೇ ಸಂಬಳ. ನಮ್ಮ ಬಡಾವಣೆಯಲ್ಲಿಯೂ ಶಾಲೆಯ ಆನರ್ಸ್ ತರಗತಿಗಳಲ್ಲಿಯೂ ಅವಳು ಆ ಹುಡುಗನನ್ನು ಎಂದೂ ಸಂಧಿಸುತ್ತಿರಲಿಲ್ಲ.

ಒಂದು ಕಹಿ ಮಾತನ್ನೂ ಹೇಳಲೇಬೇಕು. ಹಸಿರು ಕಾರ್ಡಿಗಾಗಿ ವರ್ಷಾನುಗಟ್ಟಲೆ ಕಾಯುತ್ತಿರುವ ಕುಟುಂಬಗಳು ಈ ಸಭೆಯಲ್ಲಿವೆ. ಎಚ್-4 ವೀಸಾದ ಮೇಲಿರುವ ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಈ ಬಾಗಿಲು ಅವರಿಗೆ ಮುಚ್ಚಿದೆ, ಅದು ನ್ಯಾಯವೆಂದು ನಮಗೆ ತೋರುವುದಿಲ್ಲ. ಸ್ಥಳೀಯ ಉದ್ಯಾನಗಳಲ್ಲಿ ವಾರಾಂತ್ಯದ ಕಳೆ ಕೀಳುವ ಸೇವೆಯ ಬಗ್ಗೆ ವಿಚಾರಿಸಬಹುದು. ಉಳಿದವರು ಚಳಿಗಾಲದಲ್ಲಿಯೇ ವಿಚಾರಿಸಲು ತೊಡಗುವುದು ಲೇಸು; ಸ್ಥಾನಗಳು ಕಡಿಮೆ, ಒಂದು ವರ್ಷ ಹಣವಿದ್ದ ಕಡೆ ಮರುವರ್ಷ ಇಲ್ಲದಿರಬಹುದು.

ಕೊನೆಯ ವಾರ ಮಗಳು ಮನೆಗೆ ಬಂದವಳು ಹೆಬ್ಬಾಗಿಲ ಬಳಿ ನಿಂತು ನಕ್ಕಳು. ಕೆಂಪೆಲೆಯ ಅಂದಕ್ಕೆ ಮರುಳಾಗಿ ನಾವು ವರ್ಷಗಳ ಹಿಂದೆ ನೆಡಿಸಿದ್ದ ಬೇಲಿ ಬಾರ್ಬೆರಿಯದೇ! ಅದರ ಮಾರಾಟವನ್ನು 2021ರಲ್ಲಿ ಪೆನ್ಸಿಲ್ವೇನಿಯ ನಿಷೇಧಿಸಿದ್ದುದು ನಮಗೆ ತಿಳಿದೇ ಇರಲಿಲ್ಲ. ಆ ಭಾನುವಾರ ಮಗ, ಮಗಳು, ನಾವಿಬ್ಬರು ಸೇರಿ ಅದನ್ನು ಅಗೆದೆವು. ನಮ್ಮ ತಾಯಿ ಮೆಟ್ಟಿಲ ಮೇಲೆ ಕುಳಿತು ಗುದ್ದಲಿ ಹಿಡಿಯುವ ಕ್ರಮವನ್ನು ಹೇಳಿಕೊಟ್ಟರು. ಮಧ್ಯಾಹ್ನದೊಳಗೆ ನಮ್ಮ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮಕ್ಕಳಿಬ್ಬರೂ ಕೈಚೀಲ ಹಾಕಿಕೊಂಡಿದ್ದರು.