ಸ್ಕೂಟರ್ ಬಂತು, ಮೆಟ್ಟಿಲು ಹೋಗಲಿಲ್ಲ
(ಹುಣಸೂರಿನ ಸಭೆಯಲ್ಲಿ ಮಾಡಿದ ಭಾಷಣ)



ಕಾಲಿನ ಶಕ್ತಿ ಕಳೆದುಕೊಂಡವರಿಗೆ ಸರ್ಕಾರ ಪಕ್ಕದ ಚಕ್ರ ಹಾಕಿದ ಸ್ಕೂಟರ್ ಕೊಡುತ್ತಿದೆ. ಒಳ್ಳೆಯದೇ. ಇನ್ನೊಬ್ಬರ ಹೆಗಲಿಗೆ ಕಾಯದೆ ಕೋಟೆ, ಪಿರಿಯಾಪಟ್ಟಣದ ಹಳ್ಳಿಗಳಿಂದ ಪೇಟೆಗೆ ಬರುವವರನ್ನು ನಾವು ನೋಡುತ್ತಿದ್ದೇವೆ. ಆದರೆ ಕಚೇರಿಯ ಮುಂದೆ ಗಾಡಿ ನಿಂತ ಮೇಲೆ? ಎದುರಿಗೆ ಮೆಟ್ಟಿಲು. ಕೈಯೂರಿ ತೆವಳಬೇಕು, ಇಲ್ಲವೆ ಗುಮಾಸ್ತರು ಹೊರಗೆ ಬರುವವರೆಗೆ ಬಿಸಿಲಲ್ಲಿ ಕೂರಬೇಕು. ಗುಮಾಸ್ತರು ಒಳ್ಳೆಯವರಾದರೆ ಬರುತ್ತಾರೆ. ಹಕ್ಕು ಅವರ ಒಳ್ಳೆಯತನವನ್ನು ನಂಬಿಕೊಂಡಿರಬೇಕೆ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಿಯಮಗಳು 2017ರ ಜೂನಿನಲ್ಲಿ ಹೊರಬಿದ್ದವು. ಅಲ್ಲಿಂದ 5 ವರ್ಷದೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಸರಿಪಡಿಸಬೇಕೆಂದು 45ನೇ ಕಲಮು ಹೇಳುತ್ತದೆ. ಗಡುವು 2022ಕ್ಕೇ ಮುಗಿಯಿತು. ಗಿರಣಿ ಮಾಲೀಕ ಬೋನಸ್ಸಿನ ಗಡುವು ತಪ್ಪಿಸಿದರೆ ನಾವು ಗೇಟಿನಲ್ಲಿ ಕೂರುತ್ತೇವೆ. ಇದಕ್ಕೆ ಮಾತ್ರ ಏಕೆ ಸುಮ್ಮನಿದ್ದೇವೆ?

ಕೆಲವು ಕಡೆ ಇಳಿಜಾರು ಕಟ್ಟಿದ್ದಾರೆ, ಮೂಟೆ ಜಾರಿಸುವ ಹಲಗೆಯ ಹಾಗೆ! 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕೆಂಬುದು ಲೆಕ್ಕ; 2 ಅಡಿ ಜಗಲಿಗೆ 24. ಸ್ಕೂಟರ್ ಒಳಗೆ ಹೋಗುವುದಿಲ್ಲ, ಆದ್ದರಿಂದ ಇಳಿಜಾರಿನ ಬುಡದಲ್ಲಿ ಒಂದು ಗಾಲಿಕುರ್ಚಿಯೂ ಇರಬೇಕು.

ವ್ಯಾಪಾರಿ ಮಿತ್ರರೇ, ಕೋಪ ಮಾಡಿಕೊಳ್ಳಬೇಡಿ. ಆ ಗಾಡಿಗೆ ಅಗಲ ಹೆಚ್ಚು. ಅಂಗಡಿಯ ಮುಂದೆ ಮೂಟೆ ಜೋಡಿಸಿದರೆ ಅದು ಲಾರಿಗಳ ನಡುವೆ ನಿಲ್ಲಬೇಕು. ಗಾಡಿಯ ಮೇಲೆ ಕೂತೇ ಕೊಳ್ಳುವವರೂ ಗಿರಾಕಿಗಳೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ನಾಲ್ಕೂ ಊರುಗಳ ಸರ್ಕಾರಿ ಮೆಟ್ಟಿಲುಗಳನ್ನು ನಾವೇ ಅಳೆದು ಪಟ್ಟಿ ಮಾಡೋಣ. ಸ್ಕೂಟರ್ ಓಡಿಸುವವರೇ ಮುಂದೆ ನಿಲ್ಲಲಿ. ಪಟ್ಟಿಯ ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ. ಟೇಪು ನಾವು ತರುತ್ತೇವೆ.