ಅಭಿಪ್ರಾಯವೂ ನಂಬಿಕೆಯೂ
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಊರಿಗೆ ಹೋಗಲು ರೈಲು ಮೇಲೋ ಬಸ್ಸು ಮೇಲೋ ಎಂದು ನಮ್ಮ ಚಾಳಿನ ಇಬ್ಬರು ವಾದಿಸಿ, ಎಂಟು ದಿನ ಮಾತು ಬಿಟ್ಟಿದ್ದರು. ಇದು ಬರಿಯ ಅಭಿಪ್ರಾಯದ ಜಗಳ. ದರಪಟ್ಟಿ, ವೇಳಾಪಟ್ಟಿ ಮುಂದಿಟ್ಟರೆ ಮುಗಿಯಬೇಕು. ಸರಿಯಾದ ಕಾರಣ ಸಿಕ್ಕಾಗ ಅಭಿಪ್ರಾಯ ಬದಲಿಸುವುದರಲ್ಲಿ ಮಾನ ಹೋಗುವಂಥದೇನೂ ಇಲ್ಲ. ನಂಬಿಕೆಯ ಮಾತು ಹಾಗಲ್ಲ. ಅದರ ಮೇಲೆ ಮನುಷ್ಯ ತನ್ನ ಬಾಳನ್ನೇ ಕಟ್ಟಿಕೊಂಡಿರುತ್ತಾನೆ.

ದೊಡ್ಡವರ ಉದಾಹರಣೆಯೊಂದನ್ನು ಹೇಳುತ್ತೇನೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯಿದು ಎಂದರು ಗಾಂಧೀಜಿ. ರವೀಂದ್ರನಾಥ ಠಾಕೂರರೂ ಅಸ್ಪೃಶ್ಯತೆಯ ವಿರೋಧಿಗಳೇ. ಆದರೂ ಅವರು ಸುಮ್ಮನಿರಲಿಲ್ಲ. ಇಂಥ ಉತ್ಪಾತಗಳಿಗೆ ಭೌತಿಕ ಕಾರಣಗಳಲ್ಲದೆ ಬೇರೆ ಇಲ್ಲ, ಈ ತರ್ಕವನ್ನು ಗಾಂಧೀಜಿಯ ವಿರೋಧಿಗಳು ಅವರ ಮೇಲೆಯೇ ತಿರುಗಿಸಬಹುದು ಎಂದು ಬರೆದರು. ಗಾಂಧೀಜಿ ಆ ಬರಹವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಸಂಬಂಧವನ್ನು ರುಜುಮಾಡಲಾರೆ, ಆದರೆ ಒಳಗಿನಿಂದ ಹಾಗೆನ್ನಿಸುತ್ತದೆ ಎಂಬುದು ಅದರ ತಾತ್ಪರ್ಯ. ನನ್ನನ್ನು ಕೇಳಿದರೆ, ವಾದದಲ್ಲಿ ಠಾಕೂರರದೇ ಸರಿ. ಆದರೆ ‘ರುಜುಮಾಡಲಾರೆ’ ಎಂದು ಒಪ್ಪಿಕೊಳ್ಳುವವರು ನಮ್ಮಲ್ಲಿ ಎಷ್ಟು ಜನ? ಮತ್ತೊಬ್ಬರ ತಲೆಯ ಮೇಲೆ ಬೀಳುವ ನಂಬಿಕೆಯನ್ನು ಎದುರಿಸಲೇಬೇಕು, ನಿಜ. ಅಸ್ಪೃಶ್ಯತೆಯೂ ಹಲವರಿಗೆ ನಂಬಿಕೆಯೇ ಆಗಿತ್ತಲ್ಲ! ತನ್ನ ಪಾಡಿಗೆ ತಾನಿರುವ ನಂಬಿಕೆಯನ್ನು ಮುಟ್ಟುವಾಗ ಮಾತ್ರ ಕೈ ಹಗುರಾಗಿರಬೇಕು.

ಈ ವಿವೇಕ ನನಗೆ ತಡವಾಗಿ ಬಂತು. ಮುಂಬಯಿಗೆ ಬಂದ ಹೊಸತರಲ್ಲಿ, ಖೋಲಿಯಲ್ಲಿ ಜೊತೆಗಿದ್ದ ಗಿರಣಿ ಕೆಲಸಗಾರರೊಬ್ಬರಿಗೆ ಊರಿಗೆ ಹೋಗಲು ನಾನೇ ಟಿಕೆಟು ತಂದುಕೊಟ್ಟೆ. ಅಂದು ಅಮಾವಾಸ್ಯೆ ಎಂದು ತಿಳಿದು ಅವರು ಹೊರಡಲೊಲ್ಲೆ ಎಂದರು. “ನಾಲ್ಕಕ್ಷರ ಕಲಿತಿದ್ದರೆ ಹೀಗೆನ್ನುತ್ತಿದ್ದಿರಾ, ಅಣ್ಣಾ?” ಎಂದು ಎಲ್ಲರೆದುರು ನಕ್ಕೆ. ಸೂರ್ಯ, ಚಂದ್ರ, ಭೂಮಿ ಎಂದು ಅರ್ಧ ತಾಸು ಉಪನ್ಯಾಸವನ್ನೂ ಬಿಗಿದೆ. ಅವರು ತುಟಿ ಬಿಚ್ಚದೆ, ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು.

ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲೇ ಹೇಳಿದರು: “ನಮ್ಮಪ್ಪ ಅಮಾಸಿ ದಿನ ಸಂತಿಗೆ ಹೋದಾವ ತಿರುಗಿ ಬರಲಿಲ್ಲ, ತಮ್ಮಾ. ಅವ್ವಗ ಮಾತು ಕೊಟ್ಟೀನಿ.”

ಚಂದ್ರನ ವಿಷಯದಲ್ಲಿ ನನ್ನ ಬಳಿ ಇನ್ನೂ ಬೇಕಾದಷ್ಟು ಮಾತಿತ್ತು. ಇದಕ್ಕೆ ಏನೂ ಇರಲಿಲ್ಲ. ಬೆಳಗಾಗುತ್ತಲೆ ಟಿಕೆಟು ಹಿಡಿದು ಸ್ಟೇಷನ್ನಿಗೆ ಹೋಗಿ, ತಾರೀಖು ಬದಲಿಸಲು ಸರದಿಯಲ್ಲಿ ನಿಂತೆ.